ಅಡಿಕೆ ಸುಲಿತದ ಹೊತ್ತಿನಲ್ಲಿ ಮಾತಾಡದ ಸೊಸೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸಾಗರದ ಕಡೆಯ ತೋಟದ ಮನೆ, ಒಂಬತ್ತು ಜನರ ಕೂಡು ಕುಟುಂಬ. ಮದುವೆಯಾಗಿ ಎಂಟು ತಿಂಗಳಾದ 26ರ ಹೆಂಡತಿಯನ್ನು ಗಂಡ ನಮ್ಮಲ್ಲಿಗೆ ಆಪ್ತಸಲಹೆಗೆ ಕರೆತಂದದ್ದು 'ಖಿನ್ನತೆ ಇರಬೇಕು' ಎಂದು. ಅಡಿಕೆ ಗೊನೆ ಕೊಯ್ಲಿನ ದಿನಗಳಲ್ಲಿ ರಾತ್ರಿ ಹನ್ನೊಂದರವರೆಗೂ ಸುಲಿತ, ಊರ ಸುದ್ದಿಯೆಲ್ಲ ಅಲ್ಲೇ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಎಲ್ಲರಿಗಿಂತ ಈಕೆಯ ಕೈ ಚುರುಕು, ಬಾಯಿ ಮಾತ್ರ ಬಿಡುವುದಿಲ್ಲ. ನೆಂಟರು ಬಂದರೆ ಆಸರಿಗೆ (ಕುಡಿಯಲು) ಕೊಟ್ಟು ಅಟ್ಟ ಹತ್ತುತ್ತಾಳೆ. 'ಓದಿದವಳು ಅಂತ ಜಂಬ' ಎನ್ನುವುದು ಅತ್ತೆಯ ತೀರ್ಮಾನ.

ನಿದ್ದೆ, ಹಸಿವು ಸರಿಯಿತ್ತು. ಆಂಥೂರಿಯಂ ಕುಂಡಗಳ ಮೇಲಿನ ಆಸೆಯೂ ಕಡಿಮೆಯಾಗಿರಲಿಲ್ಲ. ಹಾಗಾಗಿ ಖಿನ್ನತೆಯನ್ನು ಬದಿಗಿಟ್ಟು, ಹೆಚ್ಚಾಗಿ ಎಡವುವ ಜಾಗಕ್ಕೆ ಬಂದೆವು: ಇದು ಅಂತರ್ಮುಖತೆಯೋ (ಹೆಚ್ಚು ಜನರ ನಡುವೆ ಬೇಗ ಸಾಕೆನಿಸುವ ಸ್ವಭಾವ), ಸಾಮಾಜಿಕ ಭಯವೋ? ಒಂದೇ ಪ್ರಶ್ನೆ ಕೇಳಿದೆವು. 'ಕೂತು ಮಾತಾಡಬೇಕು ಅಂತ ಆಸೆಯಿದ್ದೂ ಹೆದರಿ ಎದ್ದು ಹೋಗ್ತೀರೋ, ಸಾಕು ಅನ್ನಿಸಿ ಹೋಗ್ತೀರೋ?'

'ಹೆದರಿಕೆ ಎಂಥದೂ ಇಲ್ಲ. ಹತ್ತು ಜನ ಒಟ್ಟಿಗೆ ಮಾತಾಡ್ತಿದ್ರೆ ಸ್ವಲ್ಪ ಹೊತ್ತಿಗೆ ಸಾಕಾಗಿ ಹೋಗ್ತದೆ.'

ಮಿನಿ-ಸ್ಪಿನ್ ಎಂಬ ಮೂರು ಹೇಳಿಕೆಗಳ ಪ್ರಶ್ನಾವಳಿಯಲ್ಲಿ 12ಕ್ಕೆ 6 ಅಥವಾ ಹೆಚ್ಚು ಬಂದರೆ ಸಾಮಾಜಿಕ ಆತಂಕವನ್ನು ವಿವರವಾಗಿ ಪರೀಕ್ಷಿಸಬೇಕು. ಈಕೆಗೆ ಬಂದದ್ದು 2. ಸ್ವಭಾವವನ್ನು ಅಳೆಯುವ ಬಿಎಫ್‌ಐ-2 ಪ್ರಶ್ನಾವಳಿಯ 60 ಹೇಳಿಕೆಗಳಲ್ಲಿ 12 ಬಹಿರ್ಮುಖತೆಗೆ, ಅಂದರೆ ಅಂತರ್ಮುಖತೆಯ ಎದುರು ತುದಿಗೆ, ಸೇರಿದವು. ಬೆರೆಯುವ ಗುಣ, ದಿಟ್ಟತನ, ಚೈತನ್ಯ ಎಂಬ ಮೂರು ಅಂಶಗಳಿಗೆ ತಲಾ ನಾಲ್ಕು. ಒಟ್ಟು ಅಂಕವನ್ನಷ್ಟೇ ನೋಡುವುದು ಅವಸರದ ಕೆಲಸ. ಈಕೆಗೆ ಬೆರೆಯುವ ಗುಣ ತೀರಾ ಕಡಿಮೆ, ದಿಟ್ಟತನ ನಡುವಿನದು, ಚೈತನ್ಯ ಜೋರು. ಕೈ ಚುರುಕು, ಬಾಯಿ ಮೌನ ಎಂಬ ಒಗಟು ಅಲ್ಲಿಗೇ ಬಿಡಿಸಿಕೊಂಡಿತು.

ಅತ್ತೆಯನ್ನೂ ಎರಡನೇ ಭೇಟಿಗೆ ಕರೆಸಿ ವಿವರಿಸಿದೆವು. ಮನೋವೈದ್ಯ ಯೂಂಗ್ 1921ರಲ್ಲಿ ಅಂತರ್ಮುಖಿ, ಬಹಿರ್ಮುಖಿ ಎಂಬ ಪದಗಳಿಗೆ ಪ್ರಚಾರ ಕೊಟ್ಟ ಮೇಲೆ ಜನ ಮನುಷ್ಯರನ್ನು ಎರಡು ಗೂಡೆಗೆ ತುಂಬಲು ಹೊರಟರು. ಅಳತೆ ಮಾಡಿದರೆ ಹೆಚ್ಚಿನವರು ನಡುವೆಯೇ ಸಿಗುತ್ತಾರೆ. ಒಬ್ಬರೇ ವ್ಯಕ್ತಿ ಎರಡು ವಾರದಲ್ಲಿ ಎಷ್ಟೋ ಸಲ ಆಚೆಯಿಂದೀಚೆಗೆ ತೂಗಾಡುತ್ತಾರೆಂದು ಮನಶ್ಶಾಸ್ತ್ರಜ್ಞ ಫ್ಲೀಸನ್ 2001ರಲ್ಲಿ ತೋರಿಸಿದರು. ಅವಳಿಗಳ ಅಧ್ಯಯನಗಳ ಪ್ರಕಾರ ಜನರ ನಡುವಿನ ಈ ವ್ಯತ್ಯಾಸದಲ್ಲಿ ಸುಮಾರು ಅರ್ಧ ವಂಶವಾಹಿಗಳಿಂದ ಬಂದದ್ದು. ಎಲ್ಲ ಕೇಳಿ ಅತ್ತೆ ಅಂದರು, 'ಹಂಗಾರೆ ಜಂಬ ಅಲ್ಲ ಅಂತಾಯ್ತು.'

ಎಡವಟ್ಟು ಮಾಡಿದ್ದು ಗಂಡ. ಬಹಿರ್ಮುಖಿಯಂತೆ ನಡೆದುಕೊಂಡರೆ ಖುಷಿ ಹೆಚ್ಚುತ್ತದೆಂದು ಎಲ್ಲೋ ಓದಿ, ಒಂದೇ ವಾರದಲ್ಲಿ ಗೃಹಪ್ರವೇಶ, ಉಪನಯನ, ತಾಳಮದ್ದಳೆ ಎಂದು ಮೂರು ಕಡೆ ಕರೆದೊಯ್ದ. ನಾಲ್ಕನೇ ದಿನ ಆಕೆಗೆ ತಲೆನೋವು, ಮನೆಯಲ್ಲಿ ಜಗಳ. ಆತ ಓದಿದ್ದು ಸುಳ್ಳಲ್ಲ, ಅರ್ಧ ಅಷ್ಟೇ. 2017ರ ಒಂದು ಅಧ್ಯಯನದಲ್ಲಿ ಹಾಗೆ ನಡೆದುಕೊಂಡವರ ಮನಸ್ಸು ಆಗ ಹಗುರಾದರೂ ಮೂರು ಗಂಟೆಯ ನಂತರ ದಣಿವು ಹೆಚ್ಚಿತ್ತು. 2019ರ ವಾರದ ಪ್ರಯೋಗದಲ್ಲಿ ಹೆಚ್ಚು ಅಂತರ್ಮುಖಿಗಳಿಗೆ ಲಾಭ ಕಡಿಮೆ, ಆಯಾಸ ಜಾಸ್ತಿ.

ಸಲಹೆ ಹೀಗಿತ್ತು. ಸುಲಿತದಲ್ಲಿ ಗಂಟೆಗೊಮ್ಮೆ ಹದಿನೈದು ನಿಮಿಷ ಎದ್ದುಹೋಗುವುದು. ಇದನ್ನು ಅತ್ತೆಗೆ ಮೊದಲೇ ಹೇಳಬೇಕಾದ್ದು ಗಂಡ, ಆಕೆಯಲ್ಲ. ಕೂರುವಾಗ ಸಾಲಿನ ತುದಿಯಲ್ಲಿ, ನಾದಿನಿಯ ಪಕ್ಕ, ಏಕೆಂದರೆ ಒಬ್ಬರೊಡನೆ ಮಾತು ಆಕೆಗೆ ಹೊರೆಯಲ್ಲ. ನೆಂಟರು ಬಂದರೆ ಐದು ನಿಮಿಷ ಜಗಲಿಯಲ್ಲಿ ಕೂತು, 'ಒಳಗೆ ಕೆಲಸ ಇದೆ, ಬರ್ತೀನಿ' ಎಂದು ಹೇಳಿಯೇ ಏಳುವುದು. ಜಂಬ ಎಂಬ ಮಾತು ಹುಟ್ಟಿದ್ದೇ ಹೇಳದೆ ಎದ್ದದ್ದರಿಂದ. ವಾರಕ್ಕೆ ಒಂದೇ ಸಮಾರಂಭ, ಅದು ಮುಗಿಸಿ ಬಂದ ಸಂಜೆ ಬೇರೆ ಯಾವ ಕಾರ್ಯಕ್ರಮವೂ ಬೇಡ. ರಾತ್ರಿ ದಣಿವಿಗೆ 0ಯಿಂದ 10ರೊಳಗೆ ಒಂದು ಅಂಕಿ ಬರೆದಿಡುವುದು.

ಆರು ವಾರಕ್ಕೆ ದಣಿವು 8ರಿಂದ 5ಕ್ಕೆ ಇಳಿದಿತ್ತು. ಮಾತು ಹೆಚ್ಚಿರಲಿಲ್ಲ, ಹೆಚ್ಚಿಸುವುದು ನಮ್ಮ ಗುರಿಯೂ ಆಗಿರಲಿಲ್ಲ. ಮುಂದಿನದು ನಾದಿನಿಯ ಮದುವೆ, ಮೂರು ದಿನ ಮನೆ ತುಂಬ ಜನ. ಅಟ್ಟದ ಕೋಣೆಯಲ್ಲಿ ನೆಂಟರ ಹಾಸಿಗೆ ಹಾಕಬಾರದೆಂದು ಅತ್ತೆಯೇ ಹೇಳಿದ್ದಾರೆ.