ಕಾಣಿಕೆ ತಟ್ಟೆಯಿಂದ ಬೀದಿಯವರೆಗೆ

ಮಾನ್ಯರೇ,

ಅಮೆರಿಕದ ಯುನಿಟೇರಿಯನ್ ಯೂನಿವರ್ಸಲಿಸ್ಟ್ ಎಂಬ ಉದಾರ ಧಾರ್ಮಿಕ ಪಂಥದ ಸಭೆಗಳ ಸಾಮಾಜಿಕ ಕಾರ್ಯವನ್ನು ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಹಸಿದವರಿಗೆ ಆಹಾರ ಹಂಚುವುದನ್ನೂ ವಲಸಿಗರಿಗೆ ಭಾಷೆ ಕಲಿಸುವುದನ್ನೂ ತಾವು ಮೆಚ್ಚಿದ್ದೀರಿ. ಆದರೆ ಆರಾಧನಾ ಮಂದಿರದ ಗೋಡೆಗೆ ಹೋರಾಟದ ಬ್ಯಾನರು ಕಟ್ಟುವವರು ನೇರವಾಗಿ ರಾಜಕೀಯ ಪಕ್ಷವನ್ನೇ ಸೇರಬಾರದೇಕೆ ಎಂದು ಕೇಳಿದ್ದೀರಿ. ಎಲ್ಲರೂ ಒಪ್ಪಲೇಬೇಕಾದ ವಿಶ್ವಾಸಪ್ರಮಾಣವಿಲ್ಲದ ಕೂಟವನ್ನು ಚರ್ಚು ಎನ್ನಬಹುದೇ ಎಂಬುದು ತಮ್ಮ ಎರಡನೆಯ ಸಂದೇಹ.

ಎರಡನೆಯದನ್ನು ಮೊದಲು ಮುಗಿಸುತ್ತೇನೆ. 1825ರಲ್ಲಿ ಸಂಘಟಿತರಾದ ಅಮೆರಿಕದ ಯುನಿಟೇರಿಯನ್ನರು ಮತ್ತು ಅವರಿಗಿಂತ ಹಳಬರಾದ ಯೂನಿವರ್ಸಲಿಸ್ಟರು 1961ರಲ್ಲಿ ಒಂದೇ ಸಂಘವಾದರು. ಇಬ್ಬರೂ ಕ್ರೈಸ್ತ ಪರಂಪರೆಯಿಂದಲೇ ಬಂದವರು. ಇಂದು ಅವರ ಪೀಠಗಳಲ್ಲಿ ಕ್ರೈಸ್ತರ ಜೊತೆಗೆ ಬೌದ್ಧರೂ ದೇವರನ್ನೇ ನಂಬದ ಮಾನವತಾವಾದಿಗಳೂ ಕುಳಿತಿರುತ್ತಾರೆ. ಹೆಸರು ಏನಿರಬೇಕೆಂಬುದನ್ನು ಅವರಿಗೇ ಬಿಡೋಣ. ನಮ್ಮ ಚರ್ಚೆಗೆ ಬೇಕಾದದ್ದು ಬೇರೊಂದು ಸಂಗತಿ: ಈ ಸಭೆಗಳ ಮೇಲೆ ಬಿಷಪ್ಪರ ಅಧಿಕಾರವಿಲ್ಲ. ಸಭಾಪಾಲಕರನ್ನು ಆರಿಸುವುದು, ವರ್ಷದ ಆಯವ್ಯಯವನ್ನು ಒಪ್ಪುವುದು, ಗೋಡೆಯ ಮೇಲೆ ಯಾವ ಬ್ಯಾನರು ತೂಗಬೇಕೆಂದು ತೀರ್ಮಾನಿಸುವುದು ಎಲ್ಲವೂ ಕಡೆಗೆ ಸದಸ್ಯರ ಕೈಯಲ್ಲೇ ಇರುತ್ತದೆ. ಆದ್ದರಿಂದ ಹೊರಗಿನವರಿಗೆ ಒಂದೇ ದನಿಯಂತೆ ಕೇಳುವ ಘೋಷಣೆಯ ಹಿಂದೆ ಹಲವು ತಿಂಗಳ ವಾಗ್ವಾದ ನಡೆದಿರುತ್ತದೆ, ಮತದಾನದಲ್ಲಿ ಸೋತವರೂ ಮುಂದಿನ ಭಾನುವಾರ ಅದೇ ಪೀಠದಲ್ಲಿ ಕುಳಿತಿರುತ್ತಾರೆ.

ಇನ್ನು ರಾಜಕೀಯದ ಮಾತು. ತೆರಿಗೆ ವಿನಾಯಿತಿ ಪಡೆದ ಸಂಸ್ಥೆಗಳು ಚುನಾವಣೆಯಲ್ಲಿ ಯಾವುದೇ ಅಭ್ಯರ್ಥಿಯ ಪರವಾಗಿಯಾಗಲಿ ವಿರುದ್ಧವಾಗಿಯಾಗಲಿ ಪ್ರಚಾರ ಮಾಡಬಾರದೆಂಬ ನಿಯಮ 1954ರಲ್ಲಿ ಅಮೆರಿಕದ ಕಾನೂನಿಗೆ ಸೇರಿತು. ಅದರ ವ್ಯಾಪ್ತಿಯ ಬಗ್ಗೆ ವಾದ ಇನ್ನೂ ನಿಂತಿಲ್ಲವಾದರೂ, ವಸತಿ, ವೇತನ, ವಲಸೆ, ಮತದಾನದ ಹಕ್ಕು ಮೊದಲಾದ ವಿಷಯಗಳನ್ನು ಕುರಿತು ಚರ್ಚು ಬಾಯಿ ತೆರೆಯುವುದಕ್ಕೆ ಆ ನಿಯಮ ಅಡ್ಡಿಯಲ್ಲ. ಪಕ್ಷಕ್ಕೂ ಸಭೆಗೂ ಇರುವ ವ್ಯತ್ಯಾಸ ಇಲ್ಲಿ ಕಾನೂನಿನಲ್ಲೇ ಇದೆ.

ಆದರೆ ತಾವು ಸೇವೆಗೂ ಹೋರಾಟಕ್ಕೂ ನಡುವೆ ಎಳೆದ ಗೆರೆ ಕೆಲಸಕ್ಕಿಳಿದವರ ಕಣ್ಣಿಗೆ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಪ್ರತಿವಾರ ಆಹಾರದ ಚೀಲ ಕೊಡುವವರು ಅವವೇ ಕುಟುಂಬಗಳು ಮತ್ತೆ ಮತ್ತೆ ಬಂದು ನಿಲ್ಲುವುದನ್ನು ಕಾಣುತ್ತಾರೆ. ಕೇಳಿದರೆ, ಸಂಬಳವೆಲ್ಲ ಮನೆ ಬಾಡಿಗೆಗೇ ಹೋಯಿತೆಂಬ ಉತ್ತರ ಬರುತ್ತದೆ. ಆ ಉತ್ತರ ಕೇಳಿದ ಮೇಲೂ ನಗರಸಭೆಯಲ್ಲಿ ಬಾಡಿಗೆಯ ವಿಚಾರಣೆ ನಡೆಯುವ ದಿನ ಮನೆಯಲ್ಲೇ ಕುಳಿತರೆ ಅದನ್ನು ಭಕ್ತಿಯೆನ್ನಬೇಕೋ ಸಂಕೋಚವೆನ್ನಬೇಕೋ ನನಗೆ ತಿಳಿಯದು. 1939ರ ಆರಂಭದಲ್ಲಿ ಮ್ಯಾಸಚೂಸೆಟ್ಸಿನ ಯುನಿಟೇರಿಯನ್ ಸಭಾಪಾಲಕ ವೇಟ್‌ಸ್ಟಿಲ್ ಶಾರ್ಪ್ ಮತ್ತು ಅವರ ಪತ್ನಿ ಮಾರ್ಥಾ ಪ್ರಾಗ್ ನಗರಕ್ಕೆ ಹೋದದ್ದು ನಿರಾಶ್ರಿತರಿಗೆ ನೆರವು ನೀಡಲೆಂದು. ಮಾರ್ಚಿನಲ್ಲಿ ಹಿಟ್ಲರನ ಸೈನ್ಯ ಆ ನಗರವನ್ನು ಪ್ರವೇಶಿಸಿದ ಮೇಲೆ, ನೆರವೆಂದರೆ ಅಪಾಯದಲ್ಲಿದ್ದವರನ್ನು ದೇಶದಿಂದ ದಾಟಿಸುವುದು ಎಂದಾಯಿತು. ಅವರು ಮಾಡಿದ್ದು ಸೇವೆಯೋ ರಾಜಕೀಯವೋ? ಯೆಹೂದ್ಯರ ಪ್ರಾಣ ಉಳಿಸಿದ ಅನ್ಯಧರ್ಮೀಯರಿಗೆ ಸಲ್ಲುವ ಗೌರವವನ್ನು ಮುಂದೆ ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಇವರಿಬ್ಬರಿಗೂ ಸಲ್ಲಿಸಿತು.

ಇಷ್ಟು ಹೇಳಿದ ಮೇಲೆ, ತಾವು ಕೇಳದಿದ್ದರೂ ಕೇಳಬೇಕಾಗಿದ್ದ ಪ್ರಶ್ನೆಯೊಂದನ್ನು ನಾನೇ ಎತ್ತಿಕೊಳ್ಳುತ್ತೇನೆ. ಈ ಸಭೆಗಳು ಬೀದಿಗಿಳಿದದ್ದು ಹೆಚ್ಚಾಯಿತೆಂಬುದು ತಮ್ಮ ಆಕ್ಷೇಪ. ಬೀದಿಯಿಂದ ಮರಳಿ ಬಂದ ಮೇಲೆ ಅವರು ತಮ್ಮದೇ ತಿಜೋರಿಯ ಮುಂದೆ ತಡವರಿಸಿದರೆಂಬುದು ನನ್ನ ಆಕ್ಷೇಪ.

ನಮ್ಮ ಲೇಖನ ಸೆಲ್ಮಾವನ್ನು ವಿಸ್ತಾರವಾಗಿ ವರ್ಣಿಸಿತ್ತು. 1965ರ ಮಾರ್ಚಿನಲ್ಲಿ ಕಪ್ಪು ಜನರ ಮತದಾನದ ಹಕ್ಕಿನ ಹೋರಾಟಕ್ಕಾಗಿ ಮಾರ್ಟಿನ್ ಲೂಥರ್ ಕಿಂಗ್ ಕೊಟ್ಟ ಕರೆಗೆ ಓಗೊಟ್ಟು ಅಲಬಾಮಾದ ಆ ಪಟ್ಟಣಕ್ಕೆ ಹೋದ ಸಭಾಪಾಲಕ ಜೇಮ್ಸ್ ರೀಬ್, 9ರ ಸಂಜೆ ಊಟ ಮುಗಿಸಿ ಹೊರಬಂದಾಗ ಬಿಳಿಯರ ಗುಂಪಿನಿಂದ ಪೆಟ್ಟು ತಿಂದು 11ರಂದು ತೀರಿಕೊಂಡರು. ಅವರ ಕೊಲೆಯ ಆರೋಪ ಹೊತ್ತವರು ಅದೇ ವರ್ಷ ಖುಲಾಸೆಯಾದರು. ಅದೇ ಹೋರಾಟಕ್ಕೆ ಹೋಗಿದ್ದ ಡೆಟ್ರಾಯ್ಟಿನ ಯುನಿಟೇರಿಯನ್ ಸದಸ್ಯೆ, ಐದು ಮಕ್ಕಳ ತಾಯಿ ವಯೋಲಾ ಲಿಯುಝೋ ಅವರನ್ನು ಬಿಳಿಯರ ಮೇಲುಗೈಗಾಗಿ ಹಿಂಸೆಗಿಳಿಯುವ ಕು ಕ್ಲುಕ್ಸ್ ಕ್ಲಾನ್ ಎಂಬ ಗುಪ್ತಕೂಟದವರು ಅದೇ ತಿಂಗಳ 25ರಂದು ಗುಂಡಿಟ್ಟು ಕೊಂದರು. ಇವರಿಬ್ಬರಿಗಿಂತ ಮೊದಲೇ, ಫೆಬ್ರುವರಿಯಲ್ಲಿ, ಪೊಲೀಸನ ಗುಂಡಿಗೆ ಬಲಿಯಾದ ಜಿಮ್ಮಿ ಲೀ ಜಾಕ್ಸನ್ ಎಂಬ ಕಪ್ಪು ಯುವಕನಿಗಾಗಿ ದೇಶ ಹಾಗೆ ಮರುಗಲಿಲ್ಲವೆಂಬುದನ್ನು ಈ ಸಭೆಗಳವರೇ ಇಂದು ಒಪ್ಪಿಕೊಂಡು ನೆನೆಯುತ್ತಾರೆ.

ಸೆಲ್ಮಾದ ಕಥೆ ಅವರಿಗೆ ಹೆಮ್ಮೆಯದು, ಹೇಳುವುದಕ್ಕೂ ಸುಲಭ. ಮೂರು ವರ್ಷಗಳ ಅನಂತರದ್ದು ಹಾಗಲ್ಲ. ಸಂಘದ ಕಪ್ಪು ಸದಸ್ಯರು, ತಮಗಾಗಿ ಬಿಳಿಯರು ನಡೆಸುವ ಸಮಿತಿಗಳು ಸಾಕು, ಹಣವನ್ನು ಎಲ್ಲಿ ವೆಚ್ಚ ಮಾಡಬೇಕೆಂದು ತಾವೇ ತೀರ್ಮಾನಿಸುತ್ತೇವೆ ಎಂದರು. 1968ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಕೂಡಿದ ಸಂಘದ ಮಹಾಸಭೆ ಅವರ ಬ್ಲ್ಯಾಕ್ ಅಫೇರ್ಸ್ ಕೌನ್ಸಿಲಿಗೆ ನಾಲ್ಕು ವರ್ಷಗಳಲ್ಲಿ ಒಟ್ಟು 10 ಲಕ್ಷ ಡಾಲರ್ ಕೊಡಲು ಒಪ್ಪಿತು. ಮರುವರ್ಷ ಬಾಸ್ಟನ್ನಿನ ಮಹಾಸಭೆಯಲ್ಲಿ ಜಗಳ ಎಷ್ಟು ಬೆಳೆಯಿತೆಂದರೆ, ಕಪ್ಪು ಪ್ರತಿನಿಧಿಗಳೂ ಅವರನ್ನು ಬೆಂಬಲಿಸಿದ ಬಿಳಿಯರಲ್ಲಿ ಹಲವರೂ ಸಭಾತ್ಯಾಗ ಮಾಡಿದರು. 1970ರಲ್ಲಿ ಆರ್ಥಿಕ ಸಂಕಷ್ಟದ ಕಾರಣ ಕೊಟ್ಟು ಆಡಳಿತ ಮಂಡಳಿ ವಾರ್ಷಿಕ ಕಂತನ್ನು ಕಡಿತಗೊಳಿಸಿತು. ಕೌನ್ಸಿಲು ಸಂಘದಿಂದ ಹೊರನಡೆಯಿತು, ಕಪ್ಪು ಸದಸ್ಯರಲ್ಲಿ ಅನೇಕರು ಸಭೆಗಳನ್ನೇ ತೊರೆದರು. ಸಂಕಷ್ಟ ನಿಜವಾದದ್ದೇ ಇರಬಹುದು. ಆದರೆ ಬೊಕ್ಕಸ ಬರಿದಾದಾಗ ಕತ್ತರಿ ಯಾವ ಸಾಲಿನ ಮೇಲೆ ಬೀಳುತ್ತದೆಂಬುದರಲ್ಲಿ ಮನಸ್ಸಿನ ಒಲವು ಕಾಣುತ್ತದೆ. ಕಪ್ಪು ಸದಸ್ಯರ ಹೊಸ ಸಂಘಟನೆಯೊಂದಕ್ಕೆ 53 ಲಕ್ಷ ಡಾಲರ್ ನೀಡುವುದಾಗಿ ಸಂಘದ ಮಂಡಳಿ ಮಾತು ಕೊಟ್ಟದ್ದು 2016ರಲ್ಲಿ. ಹಳೆಯ ಮಾತನ್ನು ಮುರಿದ 46 ವರ್ಷಗಳ ಮೇಲೆ.

ಈ ಕಾರಣದಿಂದಲೇ ಇಂಥ ಸಭೆಯೊಂದರ ಸಾಮಾಜಿಕ ನ್ಯಾಯದ ಕಾರ್ಯವನ್ನು ಅಳೆಯಲು ನಾನು ಬ್ಯಾನರಿನ ಬದಲು ಅದರ ಆಯವ್ಯಯದ ಪತ್ರವನ್ನು ನೋಡಬಯಸುತ್ತೇನೆ. ಭಾನುವಾರದ ಕಾಣಿಕೆಯಲ್ಲಿ ಒಂದು ಪಾಲನ್ನು ತಮ್ಮ ಸದಸ್ಯರಲ್ಲದವರು ನಡೆಸುವ ಸ್ಥಳೀಯ ಸಂಸ್ಥೆಗಳಿಗೆ ಕೊಡುವ ಪದ್ಧತಿ ಇಂದು ಅನೇಕ ಸಭೆಗಳಲ್ಲಿದೆ. ಕೊಟ್ಟ ಹಣದ ಮೇಲೆ ತಮ್ಮ ಹೆಸರು ಕೆತ್ತದೆ, ಹೀಗೇ ಖರ್ಚು ಮಾಡಿರೆಂದು ಹೇಳದೆ ಕೈಬಿಡುವುದು ಮೆರವಣಿಗೆಯಲ್ಲಿ ನಡೆಯುವುದಕ್ಕಿಂತ ಕಠಿಣವೆಂದು ನನಗೆ ತೋರುತ್ತದೆ. ನಮ್ಮ ಲೇಖನ ಇದಕ್ಕೆ ಒಂದೇ ವಾಕ್ಯ ಕೊಟ್ಟಿತ್ತು.

1968ರಿಂದ 1970ರವರೆಗಿನ ಸಂಗತಿ ಲೇಖನದಲ್ಲಿ ಇರಲೇ ಇಲ್ಲ. ಅದು ಲೇಖಕರ ತಪ್ಪಲ್ಲ. ಅವರ ಹಸ್ತಪ್ರತಿಯಲ್ಲಿ ಆ ಭಾಗ ಎರಡು ಪುಟಗಳಷ್ಟಿತ್ತು. ಸ್ಥಳ ಸಾಲದೆಂದು ಕತ್ತರಿಸಿದವನು ನಾನು, ಸೆಲ್ಮಾವನ್ನು ಉಳಿಸಿಕೊಂಡವನೂ ನಾನೇ. ಆ ಎರಡು ಪುಟಗಳು ಮುಂದಿನ ಸಂಚಿಕೆಯಲ್ಲಿ ಬರುತ್ತವೆ.

— ಸಂಪಾದಕ