ನಕ್ಷೆಯಲ್ಲಿ ಗಾಡಿ ಜಾಂಬೋಟಿಯಲ್ಲೇ ನಿಂತಿದ್ದೇಕೆ?

ಬೆಳಗಾವಿಯಿಂದ ಚೋರ್ಲಾ ಘಾಟ್ ಮಾರ್ಗವಾಗಿ ಗೋವಾಕ್ಕೆ ಹೋದಾಗ ಕಾರಿನಲ್ಲಿದ್ದ ಎಪಿಆರ್‌ಎಸ್ ಸೆಟ್ (ಗಾಡಿ ಇರುವ ಜಾಗವನ್ನು ಹವ್ಯಾಸಿ ರೇಡಿಯೋ ಮೂಲಕ ಸಾರುವ ಉಪಕರಣ) ಎರಡು ನಿಮಿಷಕ್ಕೊಮ್ಮೆ ಸ್ಥಾನವನ್ನು ಬಿತ್ತರಿಸುತ್ತಲೇ ಇತ್ತೆಂದೂ, ಆದರೆ ಮನೆಯವರಿಗೆ ನಕ್ಷೆಯಲ್ಲಿ ಗಾಡಿ ಜಾಂಬೋಟಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ನಿಂತಂತೆ ಕಂಡಿತೆಂದೂ ಬರೆದು, ಸೆಟ್ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ಕೆಟ್ಟಿರಲಾರದು. ನಕ್ಷೆಯ ಮೇಲಿನ ಚುಕ್ಕೆ ನಿಮ್ಮ ಗಾಡಿ ಈಗ ಇರುವ ಜಾಗವಲ್ಲ. ನಿಮ್ಮ ಪ್ಯಾಕೆಟ್, ಅಂದರೆ ಸೆಟ್ ಒಮ್ಮೆಗೆ ಕಳುಹಿಸುವ ಪುಟ್ಟ ಸಂದೇಶ, ಯಾರಿಗಾದರೂ ಕಡೆಯ ಬಾರಿ ಸರಿಯಾಗಿ ಕೇಳಿಸಿದಾಗ ನೀವಿದ್ದ ಜಾಗ.

ಸೆಟ್ಟು ಜಿಪಿಎಸ್‌ನಿಂದ ಪಡೆದ ಸ್ಥಾನವನ್ನು ನಿಮ್ಮ ಕಾಲ್‌ಸೈನ್ (ರೇಡಿಯೋ ಪರವಾನಗಿಯ ಗುರುತು) ಜೊತೆ ಎಎಕ್ಸ್.25 ಎಂಬ ನಿಯಮದ ಪ್ಯಾಕೆಟ್ ಆಗಿ ಕಟ್ಟಿ, 1200 ಮತ್ತು 2200 ಹರ್ಟ್ಸ್‌ನ ಎರಡು ಸ್ವರಗಳಲ್ಲಿ ಸೆಕೆಂಡಿಗೆ 1200 ಬಿಟ್ ವೇಗದಲ್ಲಿ ಕಳುಹಿಸುತ್ತದೆ. ಕೇಳಿಸಿತೇ ಇಲ್ಲವೇ ಎಂಬ ಉತ್ತರವನ್ನು ಅದು ಕಾಯುವುದಿಲ್ಲ. ಮಾತಿನ ಸಂಪರ್ಕದಲ್ಲಿ ಗೊರಗೊರ ಸದ್ದಿನ ನಡುವೆಯೂ ಅರ್ಧ ಕೇಳಿ ಉಳಿದರ್ಧ ಊಹಿಸಿಕೊಳ್ಳುತ್ತೇವೆ. ಪ್ಯಾಕೆಟ್‌ನಲ್ಲಿ ಒಂದು ಬಿಟ್ ತಪ್ಪಿದರೂ ಕೊನೆಯಲ್ಲಿರುವ ತಪಾಸಣೆಯ ಲೆಕ್ಕ ತಾಳೆಯಾಗದೆ ಇಡೀ ಪ್ಯಾಕೆಟ್ಟನ್ನೇ ಬಿಟ್ಟುಬಿಡಲಾಗುತ್ತದೆ. ಸರಿಯಾಗಿ ಕೇಳಿದ ಡಿಜಿಪೀಟರ್ ಎಂಬ ರೇಡಿಯೋ ಕೇಂದ್ರ ಅದನ್ನು ಮರುಪ್ರಸಾರ ಮಾಡುತ್ತದೆ, ಐಗೇಟ್ ಎಂಬ ಕೇಂದ್ರ ಇಂಟರ್ನೆಟ್ಟಿಗೆ ಸೇರಿಸುತ್ತದೆ. ಮನೆಯವರು ನೋಡಿದ್ದು ಹಾಗೆ ಸೇರಿದ್ದನ್ನು ಮಾತ್ರ. ಜಾಂಬೋಟಿ ದಾಟಿ ಕಣಕುಂಬಿಯ ಕಡೆಗೆ ಹೋದಂತೆ ನಿಮಗೂ ಬೆಳಗಾವಿಗೂ ನಡುವೆ ಗುಡ್ಡಗಳು ಅಡ್ಡ ನಿಲ್ಲುತ್ತವೆ, ಘಾಟ್ ಇಳಿಯತೊಡಗಿದರೆ ಮುಗಿದೇ ಹೋಯಿತು. ಇದೇ ಐದು ವ್ಯಾಟ್ ಸೆಟ್ ವಿಜಯಪುರದ ಬಯಲಿನಲ್ಲಿ ಎಷ್ಟೋ ದೂರ ಮುಟ್ಟೀತು.

ಇಂಥ ಹೊತ್ತಿನಲ್ಲಿ ಪ್ರಸಾರದ ಅಂತರವನ್ನು ಇಪ್ಪತ್ತು ಸೆಕೆಂಡಿಗೆ ಇಳಿಸುವುದು, ಪ್ಯಾಕೆಟ್ ಎಷ್ಟು ಸಲ ಮರುಪ್ರಸಾರವಾಗಬೇಕೆಂದು ಹೇಳುವ ವೈಡ್ ಸಂಖ್ಯೆಗಳನ್ನು ಏರಿಸುವುದು ಸಾಮಾನ್ಯವಾಗಿ ಕಾಣುವ ತಪ್ಪು. ಕೇಳುವವರೇ ಇಲ್ಲದ ಕಡೆ ಎಷ್ಟು ಕೂಗಿದರೇನು? ಊರೊಳಗೆ ಬಂದಾಗ ಮಾತ್ರ ಅದು ಎಲ್ಲರೂ ಹಂಚಿಕೊಳ್ಳುವ ಒಂದೇ ಫ್ರೀಕ್ವೆನ್ಸಿಯನ್ನು ತುಂಬಿಸಿ, ಬೇರೆಯವರ ಪ್ಯಾಕೆಟ್‌ಗಳಿಗೂ ಡಿಕ್ಕಿ ಹೊಡೆಯುತ್ತದೆ. ಗಾಡಿಗೆ ವೈಡ್ 1-1, ವೈಡ್ 2-1 ಸಾಕು. ವೇಗ ಮತ್ತು ತಿರುವುಗಳನ್ನು ನೋಡಿ ಅಂತರವನ್ನು ತಾನೇ ಹೊಂದಿಸಿಕೊಳ್ಳುವ ಸ್ಮಾರ್ಟ್‌ಬೀಕನಿಂಗ್ ನಿಮ್ಮ ಸೆಟ್‌ನಲ್ಲಿದ್ದರೆ ಅದನ್ನೇ ಇಟ್ಟುಕೊಳ್ಳಿ.

ನಾನಾದರೆ ಹಣ ಮತ್ತು ಶ್ರಮವನ್ನು ಪ್ಯಾಕೆಟ್ ಕೇಳಿಸಿಕೊಳ್ಳುವ ಕಡೆಗೆ ಹಾಕುತ್ತೇನೆ. ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರೇಡಿಯೋ ರಿಸೀವರ್), ಹಳೆಯ ಕಂಪ್ಯೂಟರ್, ಪ್ಯಾಕೆಟ್‌ಗಳನ್ನು ಬಿಡಿಸಿ ಓದುವ ಡೈರ್‌ವುಲ್ಫ್ ಎಂಬ ಉಚಿತ ಸಾಫ್ಟ್‌ವೇರ್, ಮಾಳಿಗೆಯ ಮೇಲೆ ಸಾಧ್ಯವಾದಷ್ಟು ಎತ್ತರದಲ್ಲಿ ಒಂದು ಆಂಟೆನಾ ಇದ್ದರೆ ಕೇಳಿಸಿಕೊಳ್ಳುವ ಐಗೇಟ್ ಸಿದ್ಧವಾಗುತ್ತದೆ.

ಅದರ ಸ್ಥಾನವನ್ನು ಕೈಯಾರೆ ತುಂಬುವಾಗ ಮಾತ್ರ ಎಚ್ಚರವಿರಲಿ. ಎಪಿಆರ್‌ಎಸ್‌ನ ಸಾಮಾನ್ಯ ರೂಪದಲ್ಲಿ ಅಕ್ಷಾಂಶ ರೇಖಾಂಶಗಳು ಡಿಗ್ರಿ ಮತ್ತು ನಿಮಿಷಗಳಲ್ಲಿರುತ್ತವೆ, ಮೊಬೈಲ್ ನಕ್ಷೆ ತೋರಿಸುವ ದಶಮಾಂಶ ಡಿಗ್ರಿಯಲ್ಲಲ್ಲ. ಬೆಳಗಾವಿಯ 15.85 ಅನ್ನು ನಾನು 15 ಡಿಗ್ರಿ 85 ನಿಮಿಷ ಎಂದು ಬರೆದಾಗ ನಿಮಿಷ 60ನ್ನು ಮೀರಿದ್ದರಿಂದ ತಪ್ಪು ಸಿಕ್ಕಿಬಿತ್ತು, 15 ಡಿಗ್ರಿ 51 ನಿಮಿಷ ಎಂದು ತಿದ್ದಿದೆ. 74.50 ಅನ್ನು 74 ಡಿಗ್ರಿ 50 ನಿಮಿಷ ಎಂದು ಬರೆದದ್ದು ಹಾಗೆಯೇ ಉಳಿಯಿತು. ಬೇಕಾಗಿದ್ದದ್ದು 30 ನಿಮಿಷ. ಪರಿಣಾಮವಾಗಿ ನನ್ನ ಮನೆ ವಾರವಿಡೀ ಸುಮಾರು 35 ಕಿಲೋಮೀಟರ್ ಪೂರ್ವಕ್ಕೆ, ಬೈಲಹೊಂಗಲದ ಮಗ್ಗುಲಲ್ಲಿ ಕುಳಿತಿತ್ತು.

ಮುಂದಿನ ಸಲ ಹೋಗಿಬಂದ ಮೇಲೆ ಎಪಿಆರ್‌ಎಸ್ ಡಾಟ್ ಎಫ್‌ಐ ತಾಣದಲ್ಲಿ ನಿಮ್ಮ ಕಚ್ಚಾ ಪ್ಯಾಕೆಟ್‌ಗಳ ಪಟ್ಟಿಯನ್ನು ತೆರೆದು, ಕ್ಯೂಎಆರ್ ಅಥವಾ ಕ್ಯೂಎಒ ಎಂಬ ಗುರುತಿನ ನಂತರ ಬರುವ ಕಾಲ್‌ಸೈನ್ ಯಾರದೆಂದು ನೋಡಿ. ನಿಮ್ಮನ್ನು ಇಂಟರ್ನೆಟ್ಟಿಗೆ ಮುಟ್ಟಿಸಿದ ಐಗೇಟ್ ಅದೇ. ಅದರ ಜೊತೆಗೆ ಮೊಬೈಲ್‌ನಲ್ಲಿ ದಾಖಲಿಸಿಕೊಂಡ ದಾರಿಯನ್ನು ಇಟ್ಟು ನೋಡಿದರೆ, ಯಾವ ತಿರುವಿನ ಆಚೆ ಒಂದೂ ಪ್ಯಾಕೆಟ್ ಬಂದಿಲ್ಲ ಎಂಬುದು ಗೊತ್ತಾಗುತ್ತದೆ.