15,000 ರೂಪಾಯಿ ಸೈಕಲ್ಲಿಗೆ ಏರ್ ಫೋರ್ಕ್ ಬೇಡ

21 ಗೇರಿನ 15,000 ರೂಪಾಯಿ ಎಂಟಿಬಿಗೆ (ಗುಡ್ಡಗಾಡಲ್ಲಿ ಓಡಿಸೋ ಮೌಂಟನ್ ಬೈಕ್) ಏರ್ ಫೋರ್ಕ್, ಅಂದರೆ ಗಾಳಿ ತುಂಬಿದ ಮುಂದಿನ ಸಸ್ಪೆನ್ಷನ್ ಹಾಕಿಸಿ ಮೊದಲ ರೇಸಿಗೆ ಹೋಗಲಾ ಅಂತ ಕೇಳಿದ್ದೀರಿ. ಬೇಡ. ಒಳ್ಳೆ ಫೋರ್ಕಿಗೇ ಹೆಚ್ಚುಕಮ್ಮಿ ಸೈಕಲ್ಲಿನಷ್ಟು ದುಡ್ಡು ಬೇಕು. ಆಮೇಲೆ ಗೇರ್ ಬದಲಿಸೋಣ ಅಂದರೆ, ಇಂಥ ಸೈಕಲ್ಲುಗಳ ಹಿಂದಿನ ಹಬ್‌ನಲ್ಲಿ (ಚಕ್ರದ ನಡುಭಾಗ) ಸಾಮಾನ್ಯವಾಗಿ ಫ್ರೀವೀಲ್, ಅಂದರೆ ತಿರುಪಿನ ಹಾಗೆ ತಿರುಗಿಸಿ ಕೂರಿಸುವ ಗೇರ್ ಹಲ್ಲುಚಕ್ರಗಳ ಗುಚ್ಛ ಇರುತ್ತದೆ, ಅಲ್ಲಿ 10 ಸ್ಪೀಡ್ ಕ್ಯಾಸೆಟ್ (ಹಬ್ ಮೇಲೆ ಜಾರಿಸಿ ಕೂರಿಸುವ ಗುಚ್ಛ) ಕೂರುವುದಿಲ್ಲ, ಹಬ್ ಅಥವಾ ಇಡೀ ಚಕ್ರವನ್ನೇ ಬದಲಿಸಬೇಕಾಗುತ್ತದೆ.

ಸದ್ಯ ಟೈರಿಗೆ ಖರ್ಚು ಮಾಡಿ. ಫ್ರೇಮಿನಲ್ಲಿ ಜಾಗ ಇದ್ದರೆ 2.2 ಇಂಚು ಅಗಲದ್ದು ಹಾಕಿ, ಗಾಳಿ ಸ್ವಲ್ಪ ಇಳಿಸಿ (ಜಾಸ್ತಿ ಇಳಿಸಿದರೆ ಕಲ್ಲಿಗೆ ಬಡಿದು ಟ್ಯೂಬು ಪಂಚರ್!). ಬ್ರೇಕ್ ಪ್ಯಾಡು, ಕೇಬಲ್ಲು ಹೊಸದು ಹಾಕಿಸಿ.

ನಾನು ಸೀಟು, ಹ್ಯಾಂಡಲ್, ಪೆಡಲ್ ಅಂತ ಸುಮ್ನೆ 9,000 ಸುರಿದೆ, ಮಾರುವಾಗ ಅದಕ್ಕೆ ಯಾರೂ ಒಂದು ರೂಪಾಯಿ ಜಾಸ್ತಿ ಕೊಡಲಿಲ್ಲ. ಎರಡು ರೇಸ್ ಓಡಿಸಿ, ರುಚಿ ಹತ್ತಿದರೆ ಉಳಿದ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಎಂಟಿಬಿ) ಹುಡುಕಿ.